ಅಲಾರ್ಮಿನ ದನಿ ಇಳಿಸಾಕಿ

ಮೊದಲ ಆ ಮೊಬೈಲ್ ಕೆಳಗಿಡ್ರಿ. ಎಲ್ಲಾರೂ. ಬೋರಲಾಗಿ ಇಡ್ರಿ... ಹಾಂ. ನಗೂದಿದ್ರ ಈಗ ನಕ್ಕು ಮುಗಿಸ್ರಿ. ನಡಕ ಬಾಯಿ ಹಾಕಿದ್ರ ನಾ ಎದ್ದು ಹೋಗಾಕಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ಕಾಕಾನ ಮಗ ವೈಜನಾಥಗ ಆಗಿದ್ದು. ಇದ ಹೈದರಾಬಾದಿನ್ಯಾಗ, ನಾರಾಯಣಗೂಡದಾಗ.

ಅವತ್ತ ಆಫೀಸ್ ಮುಗಿಸಿ, ಕಡೀ ಮೆಟ್ರೋ ಇಳದು, ಓಣ್ಯಾಗ ಒಬ್ಬನ ನಡಕೋಂತ ಬರಾಕತ್ತಿದ್ದ. ನಾಯಿ ಸೈತ ಬೊಗಳವಲ್ವು. ಅಂವ ಬಾಡಿಗಿ ಇದ್ದ ಮನಿ ಹಳೇದು, ಮೂರು ಅಂತಸ್ತಿಂದು. ಅಂಗಳದಾಗ ಒಂದು ಬಾವಿ. ಈಗ ನೀರು ಸೇದೂ ಬಾವಿ ಅಲ್ಲ ಅದು, ಮ್ಯಾಲೆ ಕಾಂಕ್ರೀಟ್ ಹಾಕಿ ಮುಚ್ಚಿಬಿಟ್ಟಾರ. ಬಾಜೂಕ ನೀರಿನ ಮೋಟಾರು.

ಗೇಟು ತಗದ. ಕಿರ್ರ್... ಅಂತು. ಅದರ ಹಿಂದ ಇನ್ನೊಂದು ಸಪ್ಪಳ. ಖಣ್... ಖಣ್... ಗಾಜಿನ ಬಳಿ ಕಲ್ಲಿಗೆ ತಾಗಿದ ಸಪ್ಪಳ.

ನೋಡಿದ್ರ ಬಾವಿ ಕಟ್ಟಿ ಮ್ಯಾಲೆ ಒಬ್ಬಾಕಿ ಕುಂತಾಳ. ತಲಿ ತುಂಬ ಸೆರಗು. ಮಾರಿ ಕಾಣವಲ್ದು.

"ಪಿಲ್ಲ ಪಂಡುಕುಂದಾ?" ಅಂದ್ಲು. ಭಾಳ ಸಣ್ಣ ದನಿ. ಕೂಸು ಮಲಗೇತೇನು ಅಂತ ತೆಲುಗಿನ್ಯಾಗ ಕೇಳಿದ್ಲು.

"ಪಂಡುಕುಂದಮ್ಮಾ," ಅಂದ ಇಂವ. ಮಲಗೇತಿ ಅಂತ.

ಯಾವ್ದೋ ಮನಿಯವರ ತಾಯಿ ಇರಬೇಕು, ಸೆಕಿಗೆ ಹೊರಗ ಬಂದು ಕುಂತಾಳ ಅಂತ ತಿಳಕೊಂಡ. ಮೆಟ್ಲಾ ಹತ್ತಿದ. ನಡಕ ಒಮ್ಮೆ ತಿರುಗಿ ನೋಡಿದ... ಕಟ್ಟಿ ಖಾಲಿ. ಗೇಟಿನ ಸಪ್ಪಳ ಆಗಿಲ್ಲ. ಯಾವ ಬಾಗಲದ ಸಪ್ಪಳನೂ ಆಗಿಲ್ಲ. ಆದ್ರ ಅದನ್ನ ತಲಿಗೆ ಹಚ್ಚಿಕೊಳ್ಳಾಕ ಅವಂಗ ಪುರಸತ್ತ ಎಲ್ಲಿತ್ತು? ಅವನ ತಲಿ ತುಂಬ ಆ ಸುಡುಗಾಡು ಮೊಬೈಲಿನ ಚಿಂತಿ.

ಏನಂದ್ರ, ಅವನ ಹೆಂಡ್ತಿ ನೀಲಾ ಕೊಪ್ಪಳದ ತವರಿಂದ ಕೂಸು ಕರಕೊಂಡು ಬಂದು ಭಾಳ ದಿನ ಆಗಿರಲಿಲ್ಲ. ಅನ್ವಿತಾ ಅಂತ ಹೆಸರು. ಮದುವಿ ಆಗಿ ಎಷ್ಟೋ ವರ್ಷಕ್ಕ ಹುಟ್ಟಿದ್ದು, ಅದೂ ದಿನ ತುಂಬೂ ಮೊದಲ ಹುಟ್ಟಿದ್ದು. ಎತ್ತಿಕೊಂಡ್ರ ಕೈಗೆ ಭಾರ ಇರಲಿಲ್ಲ. ಚಂದಂಗ ನಿದ್ದಿ ಮಾಡಿದ್ರ ಮೈ ಹಿಡೀತೈತಿ ಅಂತ ಡಾಕ್ಟರು ಹೇಳಿದ್ರು. ಅದರ ನಿದ್ದಿ ಎಂಥಾದ್ದು! ಒಂದು ಚಮಚಾ ಬಿದ್ರ ಸಾಕು, ಎದ್ದು ಅಳಾಕ ಶುರು. ಅತ್ತು ಅತ್ತು ತುಟಿ ನೀಲಿ ಆಗತಿದ್ವು. ಇತ್ಲಾಗ ವೈಜನಾಥನ ಆಫೀಸಿನವರು ಹಗಲ ಅನ್ನಂಗಿಲ್ಲ ರಾತ್ರಿ ಅನ್ನಂಗಿಲ್ಲ, ಒಂದ ಸವನ ಫೋನ್ ಮಾಡವರ. ಅದಕ್ಕ ಮಲಗೂ ಮುಂದ ಅಂವ ರಿಂಗಿನ ದನಿ ಪೂರಾ ಇಳಿಸಿಬಿಡತಿದ್ದ.

ಇಳಿಸಿದ್ರ ಏನಾತು? ಅಲಾರ್ಮೂ ಇಳೀತು! ಅವನ ಫೋನಿನ್ಯಾಗ ರಿಂಗಿಗೂ ಅಲಾರ್ಮಿಗೂ ಒಂದ ಗೆರಿ. ಇಳಿಸಿದ್ರ ಎರಡೂ ಮೂಕ, ಏರಿಸಿದ್ರ ಎರಡೂ ಬೊಬ್ಬಿ. ಯಾವ ಪುಣ್ಯಾತ್ಮ ಮಾಡಿದ್ನೋ ಅದನ್ನ, ಅವನ ಮನ್ಯಾಗ ಕೂಸು ಇರಲಿಲ್ಲೇನೋ!

ಅಲಾರ್ಮ್ ಯಾಕ ಬೇಕಿತ್ತು ಅಂತೀರಿ? ನೀರಿಗೆ ರೀ, ನೀರಿಗೆ. ಅಲ್ಲಿ ನಳದ ನೀರು ಬರೂದು ದಿನ ಬಿಟ್ಟು ದಿನ, ಅದೂ ನಸುಕಿನ್ಯಾಗ. ಎದ್ದು ಹೋಗಿ ವಾಲ್ವ್ ತಿರುವಿ ಸಂಪು ತುಂಬಿಸಬೇಕು, ಮೋಟಾರ್ ಹಾಕಿ ಮ್ಯಾಲಿನ ಟಾಕಿಗೆ ಏರಿಸಬೇಕು. ತಪ್ಪಿತೋ, ಇಡೀ ಬಿಲ್ಡಿಂಗಿನ ಬಕೀಟು ಒಣಗಿದ್ವು. ತಿಂಗಳಿಗೆ ಒಬ್ಬರ ಪಾಳಿ. ಆ ತಿಂಗಳು ಇವಂದು. ಇಂವ ಆಗಲೇ ಎರಡು ಸಲ ತಪ್ಪಿಸಿದ್ದ.

ಮನಿ ಮಾಲಕಿ ಯಾದಮ್ಮ ಮ್ಯಾಲೆ ಹತ್ತಿ ಬಂದು, ಕೂಸಿನ ಎದುರಿಗೇ ಒದರಾಡಿ ಹೋದ್ಲು. ಇನ್ನೊಂದು ಸಲ ನೀರು ತಪ್ಪಿದ್ರ ಮನಿ ಖಾಲಿ ಮಾಡಬೇಕು, ಮಾತಿಲ್ಲ ಕತಿ ಇಲ್ಲ. ಇಂಥಾ ಕೂಸು ಕಟಗೊಂಡು ಮನಿ ಹುಡುಕೋಂತ ಎಲ್ಲಿ ತಿರಗೂದು? ಹೊಸಾ ಮನಿ ಧೂಳು, ಸಾಮಾನಿನ ಸಪ್ಪಳ, ಅದರಾಗ ಕೂಸು ಉಳದೀತೇನು? ಆ ಚಿಂತ್ಯಾಗ ವೈಜನಾಥಗ ತುತ್ತು ಇಳೀವಲ್ದು.

ಆಫೀಸಿನ್ಯಾಗ ಅರವಿಂದ್ ಅಂತ ಮೈಸೂರಿನ ಹುಡುಗ ಇದ್ದ. ಇವನ ಗೋಳು ಕೇಳಿ ನಕ್ಕ.

"ಅಯ್ಯೋ, ಇಷ್ಟೇನಾ ವೈಜು? ಕೊಡಿಲ್ಲಿ," ಅಂತ ಫೋನ್ ಇಸಕೊಂಡ. ಸೆಟ್ಟಿಂಗಿನ ಹೊಟ್ಟ್ಯಾಗ ಹೊಕ್ಕು ಎಲ್ಲೋ ಏನೋ ಒತ್ತಿದ. ಒಂದು ಗೆರಿ ಎರಡಾತು. "ನೋಡು, ಮೇಲಿಂದು ರಿಂಗು, ಕೆಳಗಿಂದು ಅಲಾರ್ಮು. ರಿಂಗ್ ಸೊನ್ನೆ ಮಾಡು, ಅಲಾರ್ಮ್ ಅರ್ಧಕ್ಕಿಡು. ಮಗುನೂ ಏಳಲ್ಲ, ನೀನು ಏಳ್ತೀಯ."

ವೈಜನಾಥಗ ಅವನ ಕಾಲ ಹಿಡಕೊಳ್ಳೂವಷ್ಟು ಖುಷಿ ಆತು. ಮನಿಗೆ ಬಂದಾವನ ನೀಲಾನ ಫೋನಿನ ರಿಂಗೂ ಸೊನ್ನಿಗೆ ಇಳಿಸಿಟ್ಟ. ತನ್ನ ಫೋನಿನ ಅಲಾರ್ಮ್ ಅರ್ಧಕ್ಕ ಇಟ್ಟು, ತಲಿದಿಂಬಿನ ಬಾಜೂಕ ಇಟಗೊಂಡು, ನಿಶ್ಚಿಂತಿಲೆ ಮಲಗಿದ.

ನಸುಕಿನ್ಯಾಗ ಎಚ್ಚರಾತು. ಅಲಾರ್ಮಿಗೆ ಅಲ್ಲ.

"ನೀಳ್ಳೊಚ್ಚಿನಯ್..."

ಕಿಟಕಿ ಕಡಿಂದ. ಕಿವ್ಯಾಗ ಹೇಳಿದಂಗ, ಅಷ್ಟ ಮೆತ್ತಗ. ನೀರು ಬಂದಾವು ಅಂತ. ಧಡಪಡಿಸಿ ಎದ್ದ, ಕೆಳಗ ಓಡಿದ. ನಳದಾಗ ಗುಳು ಗುಳು ಗುಳು ಅಂತ ನೀರು ಬರಾಕತ್ತಿದ್ವು. ಸಂಪು ತುಂಬಿಸಿದ, ಟಾಕಿಗೆ ಏರಿಸಿದ, ಮ್ಯಾಲೆ ಬಂದ. ಬಂದು ಫೋನ್ ನೋಡತಾನ... ಅಲಾರ್ಮ್ ಆಗಿಹೋಗೇತಿ. ದನಿಯ ಗೆರಿ ಪೂರಾ ಕೆಳಗೈತಿ. ಸೊನ್ನಿ.

ಪಿತ್ತ ನೆತ್ತಿಗೇರಿತು ಅವಂಗ.

"ನೀಲಾ, ಅಲಾರ್ಮ್ ನೀ ಇಳಿಸಿದೇನು?"

"ನಾ ಯಾಕ ಮುಟ್ಟಲ್ರೀ ನಿಮ್ಮ ಫೋನು? ಕೂಸು ಮಲಗಸೂದರಾಗ ನನ್ನ ಜೀವ ಹೋಗಿ ಬರತೈತಿ. ದನಿ ಸಣ್ಣ ಮಾಡ್ರಿ, ಎದ್ದೀತು."

"ಮತ್ತ ತಾನ ಇಳೀತೇನು?"

"ನನ್ನ ಕೇಳಿದ್ರ? ಆ ಫೋನಿಗೆ ಕೇಳ್ರಿ!"

ಮುಂದಿನ ನೀರಿನ ರಾತ್ರಿ ಮುಕ್ಕಾಲಿಗೆ ಇಟ್ಟ. ಸೊನ್ನಿ ಆತು. ಪೂರಾ ಏರಿಸಿದ. ಸೊನ್ನಿ ಆತು. ಆಫ್ ಮಾಡಿ ಆನ್ ಮಾಡಿದ, ಅಪ್‌ಡೇಟ್ ಹಾಕಿದ, ಅರವಿಂದ್‌ನ ಕಡೆ ಒಯ್ದು ತೋರಿಸಿದ. ಅಂವ "ಸರಿಯಾಗೇ ಇದೆಯಲ್ಲೋ" ಅಂತ ಹೊಳ್ಳಿಸಿ ಕೊಟ್ಟ. ಎಲ್ಲಾರ ಕೈಯಾಗೂ ಸರಿ ಇರತೈತಿ ಆ ಹಾಳಾದ ಫೋನು, ಇವನ ಮನ್ಯಾಗ ಮಾತ್ರ ಹಠ. ಸಾಕಾಗಿ ಹೋತು ಅವಂಗ. ಆದ್ರ ನೀರು ಬರೂ ಹೊತ್ತಿಗೆ ಆ ದನಿ ಮಾತ್ರ ಒಂದ ದಿನನೂ ತಪ್ಪಲಿಲ್ಲ. "ನೀಳ್ಳೊಚ್ಚಿನಯ್..." ಕೂಸು ಏಳತಿರಲಿಲ್ಲ. ನೀಲಾ ಏಳತಿರಲಿಲ್ಲ. ಇವನೊಬ್ಬಗ ಕೇಳತಿತ್ತು.

ಬಾವಿ ಕಟ್ಟಿ ಮ್ಯಾಲಿನಾಕೀನ ಬಂದು ಎಬ್ಬಸತಾಳ ಅಂತ ಅವಂಗ ಅನಸ್ತು. ಒಂದು ಮುಂಜಾನೆ ಯಾದಮ್ಮಗ ಕೇಳಿದ.

"ಅಮ್ಮಾ, ಬಾವಿ ಕಡೆ ಕುಂಡ್ರತಾರಲ್ಲ, ಆ ದೊಡ್ಡಮ್ಮ ಯಾವ ಮನಿಯವರು?"

ಯಾದಮ್ಮ ಅಂದ್ರ ಮೂರು ಓಣಿಗೆ ಕೇಳೂವಂಗ ಮಾತಾಡಾಕಿ. ಅವತ್ತ ದನಿನ ಏಳಲಿಲ್ಲ ಅಕಿದು. "ಇಕ್ಕಡ ಎವರು ಲೇರು," ಅಂದ್ಲು. ಇಲ್ಲಿ ಯಾರೂ ಇಲ್ಲ ಅಂತ. ಪಟ್ ಅಂತ ಬಾಗಲಾ ಹಾಕ್ಕೊಂಡ್ಲು.

ಅವತ್ತ ರಾತ್ರಿ ಅಂವ ನಿದ್ದಿ ಮಾಡಲಿಲ್ಲ. ಕತ್ತಲಾಗ ಫೋನ್ ಕೈಯಾಗ ಹಿಡಕೊಂಡು ಗೋಡಿಗೆ ಒರಗಿ ಕುಂತ. ಅಲಾರ್ಮಿನ ಗೆರಿ ಪೂರಾ ಮ್ಯಾಲೆ. ರೆಪ್ಪಿ ಬಡೀದಂಗ ನೋಡಾಕತ್ತಾನ... ನೋಡಾಕತ್ತಾನ... ಗೆರಿ ಇಳೀತು. ತಾನ. ಮೆಲ್ಲಕ, ಯಾರೋ ಬೆರಳಿಟ್ಟು ಎಳದಂಗ. ಮ್ಯಾಲಕ್ಕ ತಳ್ಳಿದ. ಇಳೀತು. ಹಲ್ಲು ಕಡದು ಹೆಬ್ಬೆರಳಿಲೆ ಒತ್ತಿ ಹಿಡದ. ಬೆರಳಿನ ಬುಡಕಿಂದ ಜಾರಿ ಇಳೀತು.

ಹೆದರಿಕಿಗಿಂತ ಸಿಟ್ಟ ಹೆಚ್ಚ ಬಂತು ಅವಂಗ. ಹಲ್ಲ ಸಂದ್ಯಾಗ ಅಂದ, "ಯಾರವಾ ನೀ? ಯಾಕ ಕಾಡತೀ ನನ್ನ?"

ಫ್ಯಾನಿನ ಸಪ್ಪಳದ ನಡಕ ಕಿಟಕಿಯಾಗ,

"ಪಿಲ್ಲ ಲೇಸ್ತದಿ..."

ಕೂಸು ಏಳತೈತಿ. ಅಷ್ಟ ಅಂದ್ಲು.

ಕಣ್ಣಾಗ ನೀರು ಬಂತಂತ ವೈಜನಾಥಗ. ಯಾರಿಗೂ ಇಲ್ಲದ ಕಾಳಜಿ ಈಕಿಗೆ ಐತಲ್ಲ ಅಂತ. ಅಲಾರ್ಮ್ ಕೂಸಿನ್ನ ಎಬ್ಬಸತೈತಿ ಅಂತ ದನಿ ಇಳಿಸಿ, ಅವನಷ್ಟನ್ನ ಮೆತ್ತಗ ಎಬ್ಬಸಾಕತ್ತಾಳ. ಅವತ್ತಿಂದ ಅಲಾರ್ಮ್ ಇಡೂದ ಬಿಟ್ಟ. ಮೂರನೇ ಅಂತಸ್ತಿನ ಕಿಟಕಿ ರೀ ಅದು! ಹೊರಗ ಕಾಲಿಡಾಕ ಜಾಗಾ ಇಲ್ಲ! ಅಕಿ ಎಲ್ಲಿ ನಿಂತು ಕರಿಯಾಕತ್ತಾಳ ಅಂತ ಒಂದ ಸಲರೆ ವಿಚಾರ ಮಾಡಬಾರದ? ನಂಗ ಹೇಳುಮುಂದ ಇದನ್ನ ಕೇಳಿ ಬೈದೆ ನಾ ಅವಂಗ. ತಲಿ ತಗ್ಗಿಸಿ ಕುಂತ, ಪಾಪ.

ಅವನ ಪಾಳಿ ಮುಗಿಯೂ ಹೊತ್ತಿಗೆ ಒಂದಿನ ಮತ್ತ ಕರದ್ಲು. "ನೀಳ್ಳೊಚ್ಚಿನಯ್..." ಎದ್ದ. ಫೋನ್ ಕಿಸೆದಾಗ ಹಾಕ್ಕೊಂಡ. ಬಾಗಲಾ ಸುಮ್ಮನ ಎಳದು, ಚಪ್ಪಲಿ ಸೈತ ಹಾಕ್ಕೊಳ್ಳದ ಇಳದು ಹೋದ. ವಾಲ್ವ್ ತಿರುವಿದ.

ಸುಯ್ಯ್... ಅಂತು. ಬರೇ ಗಾಳಿ. ಒಂದು ಹನಿ ನೀರಿಲ್ಲ.

ಎಂದೂ ತಪ್ಪು ಹೇಳಿದಾಕಿ ಅಲ್ಲ. ಬಾವಿ ಕಟ್ಟಿ ನೋಡಿದ, ಖಾಲಿ. ಆವಾಗ ಹೊಳೀತು ಅವಂಗ. ತನ್ನ ಕೆಳಗ ಕಳಿಸಿ, ಅಕಿ ಮ್ಯಾಲೆ ಕೂಸಿನ ಕಡೆ ಹೋಗ್ಯಾಳ! ಮೆಟ್ಲಾ ಎರಡೆರಡು ಹಾರಿ ಓಡಿದ.

ಬಾಗಲಾ ಒಳಗಿಂದ ಚಿಲಕ ಹಾಕೇತಿ.

ಒಳಗ... ಕಿರ್... ಕಿರ್... ಕಿರ್... ತೊಟ್ಟಿಲದ ಕೊಂಡಿ. ಯಾರೋ ತೂಗಾಕತ್ತಾರ. ನಡನಡಕ ಬಳಿ. ಖಣ್... ಖಣ್... ನೀಲಾ ಗಾಜಿನ ಬಳಿ ಇಡೂದಿಲ್ಲ, ಕೂಸಿಗೆ ಚುಚ್ಚೀತು ಅಂತ ತವರಾಗ ತಗದಿಟ್ಟು ಬಂದಿದ್ಲು.

"ನೀಲಾ! ಏ ನೀಲಾ!" ಬಾಗಲಾ ಬಡದ. ಓಗೊಡಲಿಲ್ಲ. ಫೋನ್ ತಗದು ಅಕಿಗೆ ಹಚ್ಚಿದ. ಕಿವ್ಯಾಗ ರಿಂಗ್ ಆಗಾಕತ್ತೈತಿ, ಒಳಗ ಮಾತ್ರ ಸಪ್ಪಳಿಲ್ಲ. ಎಲ್ಲಿಂದ ಆಗಬೇಕು? ತಾನ ಸೊನ್ನಿ ಮಾಡಿ ಇಟ್ಟಾನ! ಮತ್ತ ಹಚ್ಚಿದ. ಮತ್ತ ಹಚ್ಚಿದ. ತಲಿ ತಲಿ ಬಡಕೊಂಡ. ತನ್ನ ಫೋನಿನ ಅಲಾರ್ಮಿನ ದನಿ ಪೂರಾ ಏರಿಸಿ, ಅಲಾರ್ಮ್ ಬಡಿಸಿ, ಬಾಗಲ ಸಂದಿಗೆ ಹಿಡದ. ಕೂಸು ಏಳಲಿ, ಓಣಿ ಏಳಲಿ, ಊರ ಏಳಲಿ... ಒಂದ ಸಲ ಒದರಿತು. ಆಮ್ಯಾಲೆ ಗೆರಿ ಸರ್ರ್ ಅಂತ ಕೆಳಗಿಳೀತು.

"ಥೂ ನಿನ್ನ!" ಅಂತ ಆ ಫೋನ್ ನೆಲಕ್ಕ ಒಗದ. "ಬ್ಯಾಡಾದಾಗ ಬಡಕೋತೀ, ಬೇಕಾದಾಗ ಬಾಯಿ ಬಿಡೂದಿಲ್ಲ!"

ಬಾಗಲಿಗೆ ಹಣಿ ಹಚ್ಚಿ ಕುಸದ. ಅಷ್ಟ ದೊಡ್ಡ ಗಂಡಸು, ಅಳಾಕತ್ತಿದ್ದ. "ಅಮ್ಮಾ," ಅಂದ. ಪಿಸುಮಾತಿಲೆ. "ನಾ ಪಿಲ್ಲನಿ ನಾಕಿಯ್ಯಮ್ಮಾ." ನನ್ನ ಕೂಸು ನನಗ ಕೊಡವ್ವಾ ಅಂತ.

ತೊಟ್ಟಿಲು ನಿಂತಿತು.

ಆಮ್ಯಾಲೆ... ಠಕ್. ಚಿಲಕ ತಗೀತು.

ಒಳಗ ಹೋಗಿ ಲೈಟ್ ಹಾಕಿದ. ನೀಲಾ ಹಾಸಿಗ್ಯಾಗ ಗಾಢ ನಿದ್ದ್ಯಾಗ. ಭುಜ ಹಿಡದು ಅಳ್ಳಾಡಿಸಿದ ಮ್ಯಾಲೆ ಎದ್ಲು, "ಚಿಲಕಾ? ನಾ ಯಾಕ ಹಾಕ್ಲಿ?" ಅಂದ್ಲು. ಮನ್ಯಾಗ ಬ್ಯಾರೆ ಯಾರೂ ಇಲ್ಲ. ಕೂಸು ತೊಟ್ಟಿಲದಾಗ ಆರಾಮ ಮಲಗೇತಿ, ಉಸಿರಾಡಾಕತ್ತೈತಿ. ಎದಿಗೆ ಅಪ್ಪಿಕೊಂಡ. ಆವಾಗ ನೀಲಾನ ಕಣ್ಣಿಗೆ ಬಿತ್ತು. ಕೂಸಿನ ಎಡ ಅಂಗಾಲಿನ್ಯಾಗ ದುಂಡಗ ಒಂದು ಕಾಡಿಗಿ ಬೊಟ್ಟು. ದೃಷ್ಟಿ ಬೊಟ್ಟು. ನೀಲಾ ಹಚ್ಚೂದು ಗಲ್ಲಕ್ಕ. ಅಂಗಾಲಿಗೆ ಅಕಿ ಒಂದ ದಿನನೂ ಹಚ್ಚಿದಾಕಿ ಅಲ್ಲ.

ಮನಿ ಬಿಡಸತಾರ ಅಂತ ಅಂಜಿ ಅಷ್ಟ ದಿನ ನಿದ್ದಿ ಕೆಟ್ಟಾಂವ, ಬೆಳಕ ಹರೀತಿದ್ದಂಗ ತಾನ ಬಿಟ್ಟ. ಯಾದಮ್ಮ ಯಾಕಂತ ಕೇಳಲೂ ಇಲ್ಲ. ಈಗ ಮಣಿಕೊಂಡದಾಗ ಅದಾರ. ಅಲ್ಲಿ ಮೂರು ಹೊತ್ತೂ ನೀರು, ನಸುಕಿನ್ಯಾಗ ಏಳೂ ಗೊಡವಿ ಇಲ್ಲ. ಫೋನೂ ಬ್ಯಾರೆ ತಗೊಂಡಾನ.

ಸುಳ್ಳ ಅಂತೀರೇನು? ಸುಳ್ಳ ಹೇಳಿ ನನಗೇನು ಬರೂದೈತಿ? ಹ್ವಾದ ವಾರ ಕಾಚಿಗೂಡದಾಗ ರೈಲು ಇಳದು ಅವರ ಮನಿಗೆ ಹೋಗಿದ್ದೆ. ಕೂಸು ಗುಂಡು ಗುಂಡಗ ಆಗೇತಿ, ಗುರುತು ಸಿಗೂದಿಲ್ಲ. ರಾತ್ರಿ ಎಲ್ಲಾ ಒಂದ ಸಲನೂ ಏಳೂದಿಲ್ಲಂತ. ಮುಂಜಾನೆ ನೀಲಾ ಬಚ್ಚಲದಾಗ ಇನ್ನೂ ಮಾರಿ ತೊಳಿಯಾಕತ್ತಿದ್ಲು, ಆಗಿನ್ನ ಎದ್ದಿತ್ತು ಕೂಸು, ನಾನ ತೊಟ್ಟಿಲದಾಗಿಂದ ಎತ್ತಿಕೊಂಡೆ. ಎಡಗಾಲು ಹಿಡದು ಅಂಗಾಲು ನೋಡಿದೆ.

ಬೊಟ್ಟು ಇತ್ತು. ಮುಟ್ಟಿದೆ. ಹಸಿ ಇತ್ತು ರೀ, ನನ್ನ ಬೆರಳಿಗೆ ಹತ್ತಿತು.