ತುಸು ತಡೆದಿದ್ದರೆ

ಪೆಟ್ರೋಲಿನ ವಾಸನೆ ಬಂದರೆ ಸಾವಕ್ಕನಿಗೆ ಚಿಕ್ಕಂದಿನಲ್ಲಿ ಊರಿಗೆ ಮೊದಲ ಸಲ ಬಂದ ಮೋಟಾರು ನೆನಪಾಗುತ್ತಿತ್ತು. ಅಂದು ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಆ ವಾಸನೆ ಪಕ್ಕದಲ್ಲಿ ಕೂತಿದ್ದ ರಮಜಾನಸಾಬನ ಅಂಗಿಯಿಂದ ಬರುತ್ತಿತ್ತು. ಅವನು ವಿಮಾನ ಹಾರಿಸಲು ಕಲಿಸುವ ಕ್ಲಬ್ಬಿನ ಮೆಕ್ಯಾನಿಕ್. ಅವನ ಜೊತೆ ಗವಿಸಿದ್ದಪ್ಪನಿದ್ದ. ಗವಿಸಿದ್ದಪ್ಪನ ತಮ್ಮನ ಮಗ, ಆ ಕ್ಲಬ್ಬಿನಲ್ಲಿ ಕಲಿಯುತ್ತಿದ್ದ ಈರಣ್ಣ, ಸವಡಿಯ ಹೊಲದಲ್ಲಿ ವಿಮಾನ ಕೆಡವಿಕೊಂಡು, ಕಾಲು ಮುರಿದು ರೋಣದ ದವಾಖಾನೆಯಲ್ಲಿದ್ದ.

“ಅಂಜುಬುರಕ ಅದಾನ ನಮ್ಮ ಹುಡುಗ. ಕ್ಲಬ್ಬಿನವ್ರು ಹೆಸರ ಹೊಡದ ಹಾಕಿದ್ರು, ಚಲೋನ ಆತು,” ಎಂದ ಗವಿಸಿದ್ದಪ್ಪ.

“ಹಂಗನಬ್ಯಾಡ್ರಿ ಕಾಕಾ. ಥಂಡಿ ಮೋಡದಾಗ, ಗಾಳಿ ಪೆಟ್ರೋಲ ಕೂಡಸೂ ಕಾರ್ಬುರೇಟರಿನ್ಯಾಗ ಬರ್ಫ ಕಟ್ಟತೈತಿ. ಬಿಸಿಗಾಳಿ ಹಿಡಿಕಿ ಜಗ್ಗಿದ್ರ ಕರಗತೈತಿ. ಅವ ಜಗ್ಗ್ಯಾನ.”

“ಮತ್ತ ಆ ಹಿಡಿಕಿ ಹೊಳ್ಳಿ ಯಾಕ ನೂಕಿದ?”

“ಎಂಜಿನ್ ಇನ್ನೂ ಜೋರ ಕೆಮ್ಮಿತಲ್ರಿ. ಕರಗಿದ ನೀರ ಒಳಗ ಹೊಕ್ಕತೈತಿ, ಬಿಸಿಗಾಳಿಗೆ ಪೆಟ್ರೋಲಿನ ಪಾಲೂ ಹೆಚ್ಚಾಗತೈತಿ. ತುಸು ತಡದ್ರ ತಾನ ಸರಿಯಾಗತೈತಿ. ಅವ ಹೊಳ್ಳಿ ನೂಕಿದ, ಬರ್ಫ ಹಂಗ ಉಳದು ಎಂಜಿನ್ ನಿಂತಬಿಟ್ಟಿತು.”

“ಅಷ್ಟು ತಿಳೀಲಿಲ್ಲೇನು ಆ ಶಾಣ್ಯಾಗ?”

“ನಾನ ಹೇಳಲಿಲ್ರಿ. ಹಿಂದಿನ ದಿನ ಆ ಹಿಡಿಕಿ ಬಗ್ಗೆ ಕೇಳಾಕ ಬಂದಿದ್ದ. ಕೈ ಗ್ರೀಸಾಗೈತಿ, ನಾಳಿ ಬಾ ಅಂದೆ. ಮರುದಿನ ಮುಂಜಾನೆ ನಾ ಬರೂದ್ರಾಗ ಹಾರಿಬಿಟ್ಟಿದ್ದ.”

ಗವಿಸಿದ್ದಪ್ಪ ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡ.

“ಕ್ಲಬ್ಬಿನ ಸಾಹೇಬ್ರಿಗೆ ಹೇಳೀಯೇನು?”

“ಮೊದಲ ಅವಂಗ ಹೇಳ್ತೀನ್ರಿ. ತಪ್ಪೆಲ್ಲಾ ತನ್ನದ ಅಂತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನಂತ. ಆಮ್ಯಾಲೆ ಸಾಹೇಬ್ರ ಕಡೆ ಹೋಗ್ತೀನಿ.”

“ನೌಕರಿ ಹೋದೀತು.”

“ಹೋಗ್ಲಿ ಬಿಡ್ರಿ. ಇದ್ರೂ ನಿದ್ದಿ ಎಲ್ಲೈತಿ?”

ರೋಣದ ಬಸ್ಸು ಬಂತು. ಇಬ್ಬರೂ ಹತ್ತಿ ಒಂದೇ ಸೀಟಿನಲ್ಲಿ ಕೂತರು. ಬಸ್ಸು ಹೊರಡುವಾಗ ಸಾವಕ್ಕ ಕಿಟಕಿಯತ್ತ ನೋಡಿದಳು. ಗವಿಸಿದ್ದಪ್ಪ ಎರಡು ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ, ರಮಜಾನಸಾಬನ ಮುಖ ನೋಡದೆ, ಅವನ ಕೈಗೆ ಇಟ್ಟ.