ಎಂಟು, ಒಂಬತ್ತು, ಹತ್ತು

ಹತ್ತಿರ ಬನ್ನಿ, ಜೋರಾಗಿ ಹೇಳೋ ಕತೆ ಅಲ್ಲ ಇದು. ನಮ್ಮ ದೊಡ್ಡಮ್ಮನ ಮಗಳಿಗೇ ಆಗಿದ್ದು. ಊರೆಲ್ಲ ಅವಳನ್ನ ಟೀಚರಮ್ಮ ಅಂತಲೇ ಕರೀತಿತ್ತು. ಅವತ್ತು ರಾತ್ರಿ ಒಂಬತ್ತಾಗಿತ್ತು. ಶಾಲೆಗೆ ಬೀಗ ಹಾಕಿ ಆಲದ ಮರದ ಹತ್ತಿರ ಬರ್ತಿದ್ದಾಳೆ... ಹಿಂದೆ ಬರಿಗಾಲಿನ ಸದ್ದು. ಪಟ್, ಪಟ್, ಪಟ್. ಇವಳು ನಿಂತಳು. ಅದೂ ನಿಂತಿತು.

ಹೆದರಿಕೆಗೂ ಮೊದಲೇ ಅವಳಲ್ಲಿ ಒಂದು ಅಳುಕಿತ್ತು. ಬೆಳಗಾದರೆ ಇನ್‌ಸ್ಪೆಕ್ಟರ್ ಸಾಹೇಬರು ಬರೋರು. ಹತ್ತು ಮಕ್ಕಳಿಲ್ಲದ ಶಾಲೆ ಮುಚ್ಚಬೇಕು ಅಂತ ಆರ್ಡರು. ಇದ್ದದ್ದೇ ಏಳು. ಮುಚ್ಚಿದರೆ ಮಕ್ಕಳು ಗುಡ್ಡ ಹತ್ತಿ ಇಳಿದು ಪಕ್ಕದೂರಿಗೆ ಹೋಗಬೇಕು. ಹಾಜರಿಯಲ್ಲಿ ನಾಲ್ಕನೇ ನಂಬರಿನ ಹುಡುಗಿಗೆ ಕಾಲು ಸರಿಯಿಲ್ಲ, ಅವಳ ಓದು ಅಲ್ಲಿಗೆ ಮುಗೀತು. ಶಾಲೆಯ ಚರಿತ್ರೆ ಬರೆದಿಡಿ ಅಂತ ಸಾಹೇಬರು ಹೇಳಿದ್ದಕ್ಕೆ ಇವಳು ಸಂಜೆ ಹಳೇ ಪೆಟ್ಟಿಗೆ ತೆಗೆದಿದ್ದಳು. ಮೊದಲ ವರ್ಷದ ದಾಖಲಾತಿ ಪುಸ್ತಕ ಸಿಕ್ಕಿತು. ಮೂರು ಹೆಸರಿನ ಮೇಲೆ ಕೆಂಪು ಗೆರೆ. ಶಾಲೆ ಬಿಟ್ಟ ತಾರೀಖೇ ಇಲ್ಲ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಅಂತ ಆ ಮೂರನ್ನೂ ಈ ವರ್ಷದ ಹಾಜರಿ ಪುಸ್ತಕಕ್ಕೆ ಇಳಿಸಿಬಿಟ್ಟಳು. ಎಂಟು, ಒಂಬತ್ತು, ಹತ್ತು. ಸಾಹೇಬರು ಕೇಳಿದರೆ ಜ್ವರ ಅಂದರಾಯ್ತು.

ಆಲದ ಕಟ್ಟೆ ಮೇಲೆ ಶಾಲೆಯ ಹಳೇ ಜವಾನ ಕೂತಿದ್ದ, ತೊಂಬತ್ತರ ಮುದುಕ. ಟಾರ್ಚ್ ಬೆಳಕು ಬಿಟ್ಟು ಪಿಸುಗುಟ್ಟಿದ.

"ಇಷ್ಟೊತ್ತಲ್ಲಿ ಮಕ್ಕಳನ್ನ ಯಾಕಮ್ಮ ಕರ್ಕೊಂಡು ಹೊರಟೆ?"

"ಯಾವ ಮಕ್ಕಳು, ಅಜ್ಜ?"

"ಮೂವರು... ನಿನ್ನ ಬೆನ್ನಿಗೇ ಇದ್ದಾರಲ್ಲ."

ಅವಳಿಗೆ ತಿರುಗಿ ನೋಡೋ ಧೈರ್ಯ ಬರಲಿಲ್ಲ. ಮಾಡಿದ್ದನ್ನೆಲ್ಲ ಒಪ್ಪಿಕೊಂಡಳು. ಅಜ್ಜನ ಅಪ್ಪನೂ ಅದೇ ಶಾಲೆಯ ಜವಾನನಂತೆ. ಮೊದಲ ವರ್ಷ, ಒಂದೇ ದಿನ, ಆ ಮೂರೂ ಮಕ್ಕಳು ತೀರಿಹೋದರಂತೆ. ಹೇಗೆ ಅಂತ ಅವನಪ್ಪ ಸಾಯೋವರೆಗೂ ಬಾಯಿ ಬಿಡಲಿಲ್ಲವಂತೆ.

"ಹೆಸರು ಬರೆದು ಕರೆದರೆ ಬರದೆ ಇರ್ತಾರಾ?" ಅಂದ ಅಜ್ಜ. "ಹೋಗು... ಈಗಲೇ ಆ ಹೆಸರು ಹೊಡೆದು ಹಾಕು."

ಜೊತೆಗೆ ಬಾ ಅಂದರೆ ಮುದುಕ ಜಪ್ಪಯ್ಯ ಅನ್ನಲಿಲ್ಲ. ಒಬ್ಬಳೇ ವಾಪಸ್ ಹೋದಳು. ಬೀಗ ಕಟಕ್ ಅಂತು. ದೀಪ ಹಾಕದೆ, ಟಾರ್ಚ್ ಹಿಡಿದು ಪುಸ್ತಕ ತೆರೆದಳು. ಆಗ ಹಿಂದಿನ ಸಾಲಿನಿಂದ... ಕಿರ್ರ್... ಕಿರ್ರ್... ಸ್ಲೇಟಿನ ಮೇಲೆ ಬಳಪ ಎಳೆಯೋ ಸದ್ದು. ಆ ಶಾಲೇಲಿ ಸ್ಲೇಟು ಬಿಟ್ಟು ಎಷ್ಟು ವರ್ಷವಾಗಿತ್ತೋ.

ಪೆನ್ನು ಎಂಟನೇ ನಂಬರಿನ ಮೇಲೆ ಇಟ್ಟಳು. ಗೆರೆ ಎಳೆದರೆ ಏಳು. ಕಣ್ಣು ನಾಲ್ಕನೇ ನಂಬರಿನ ಮೇಲೆ ಹೋಯ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ಕೂರೋ ಹುಡುಗಿ ಅದು. ಎಷ್ಟು ಭಯವಾದರೂ ಕೈ ಏಳಲಿಲ್ಲ. ಪೆನ್ನು ಮುಚ್ಚಿದಳು.

"ನಾಳೆ ಹತ್ತು ಗಂಟೆಗೆ ಬನ್ನಿ," ಅಂದಳು.

ಬಳಪದ ಸದ್ದು ನಿಂತಿತು.

ಬೆಳಿಗ್ಗೆ ಸಾಹೇಬರ ಮುಂದೆ ತಲೆ ತಗ್ಗಿಸಿಕೊಂಡೇ ಹಾಜರಿ ಕರೆದಳು. ಏಳರವರೆಗೂ ಅವಳಿಗೆ ಗೊತ್ತಿರೋ ದನಿಗಳು. ಎಂಟನೇ ಹೆಸರು ಕರೆಯಲಾರದೆ ಪುಸ್ತಕ ಮುಚ್ಚಿದಳು. ಸಾಹೇಬರೇ ಬೆರಳು ಮಾಡಿ ತಲೆ ಎಣಿಸಿಕೊಂಡು ರುಜು ಹಾಕಿ ಹೋದರು.

ಶಾಲೆ ಉಳೀತು. ಆ ಹುಡುಗಿ ಈಗ ಕಾಲೇಜು ಓದ್ತಿದ್ದಾಳೆ. ನಮ್ಮಕ್ಕ ಮಾತ್ರ ರಿಟೈರ್ ಆಗೋವರೆಗೂ ಹಾಜರಿ ಕರೆಯೋವಾಗ ತಲೆ ಎತ್ತಲಿಲ್ಲ. ನಗಬೇಡಿ. ಸಾಹೇಬರು ಬರೆದ ಷರಾ ನಾನೇ ಕಣ್ಣಾರೆ ಓದಿದ್ದೀನಿ, ದೇವರಾಣೆ: "ಹಾಜರಿ ಹತ್ತು. ಹಿಂದಿನ ಸಾಲಿನ ಮೂವರ ತಲೆ ತುಂಬ ಮಣ್ಣು. ಸ್ನಾನ ಮಾಡಿಸಿ ಕಳಿಸಲು ಪೋಷಕರಿಗೆ ತಿಳಿಸುವುದು."