ವಿಲ್ಡೆಯ ಸ್ಕೀಗೆ ಹಚ್ಚಿದ ಮೇಣ

ಮಕ್ಕಳ ಸ್ಕೀ ಶಿಬಿರವೂ ಕೊನೆಯ ದಿನ ತಂಡದ ಆಯ್ಕೆಗೆಂದು ನಡೆದ ಸ್ಪರ್ಧೆಯೂ ಮುಗಿದಿದ್ದವು. ಹಾಮರ್ ಪಟ್ಟಣಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಇಬ್ಬರು ಹುಡುಗಿಯರಿದ್ದರು.

“ಕಿತ್ತಳೆ ತಗೊಳ್ಳೇ ವಿಲ್ಡೆ.”

“ಬೇಡ. ಮಾರೆನ್, ಎಲ್ಲರ ಸ್ಕೀಗೂ ಮೇಣ ಹಚ್ಚಿದ್ದು ನಿಮ್ಮಪ್ಪ ತಾನೇ?”

“ಹೂಂ.”

“ಹಿಂದಕ್ಕೆ ಜಾರದಿರಲಿ ಅಂತ ಹಾಕೋ ಅಂಟು ಮೇಣ, ಸ್ಕೀಯಲ್ಲಿ ಪಾದದ ಕೆಳಗಿನ ಭಾಗಕ್ಕಷ್ಟೇ ಹಚ್ಚೋದು. ನನ್ನದಕ್ಕೆ ತುದಿವರೆಗೂ ಬಳಿದಿದ್ರು. ಹಿಮ ಮೆತ್ಕೊಂಡು ಇಳಿಜಾರಲ್ಲೂ ನಿಂತುಬಿಟ್ಟೆ ಕಣೇ.”

“ಆತುರದಲ್ಲಿ ಆಗಿರುತ್ತೆ ಬಿಡು.”

“ನಿಂದು ಮಾತ್ರ ಚೆನ್ನಾಗಿ ಜಾರ್ತಲ್ಲ! ತಂಡದಲ್ಲಿದ್ದದ್ದು ಒಂದೇ ಜಾಗ, ಅದೂ ನಿನಗೇ ಸಿಕ್ತು.”

ಮಾರೆನ್ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿದಳು.

“ನಿನ್ನ ಸ್ಕೀ ಯಾವುದು ಅಂತ ಅಪ್ಪ ಕೇಳಿದ್ರು. ನಾನೇ ತೋರಿಸ್ದೆ.”

“ಯಾಕೆ ಅಂತ ಗೊತ್ತಿತ್ತಾ?”

“ಗೊತ್ತಿತ್ತು.”

ನಿಲ್ದಾಣದಲ್ಲಿ ಮಾರೆನ್‌ಳ ಅಪ್ಪ ನಗುನಗುತ್ತಾ ಬಸ್ಸಿನಿಂದ ಸ್ಕೀಗಳನ್ನು ಇಳಿಸುತ್ತಿದ್ದರು.

“ಇದು ನಿಂದೇ ಅಲ್ವೇನಮ್ಮಾ ವಿಲ್ಡೆ?”

“ನನ್ನನ್ಯಾಕೆ ಕೇಳ್ತೀರಿ ಅಂಕಲ್? ನಿಮ್ಮ ಮಗಳು ಆಗಲೇ ತೋರಿಸಿದಾಳಲ್ಲ,” ಎಂದು ವಿಲ್ಡೆ ಸ್ಕೀ ಕಿತ್ತುಕೊಂಡು ಹೊರಟೇಹೋದಳು.